ಆ ವರದಿಯನ್ನು ಜನರ ಮುಂದಿಡಿ

2026ರ ಜನವರಿ 12ರ ಬೆಳಗ್ಗೆ ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ–ಸಿ62 ಏರಿತು. ಮೊದಲ ಹಂತ ಸರಿಯಾಗಿ ಉರಿಯಿತು, ಎರಡನೆಯದೂ ಉರಿಯಿತು. ಮೂರನೆಯ ಹಂತ ಮುಗಿಯುವ ಹೊತ್ತಿಗೆ ರಾಕೆಟ್ ಹಿಡಿತ ತಪ್ಪಿತು, ಹಾದಿ ಬಿಟ್ಟಿತು. ರಕ್ಷಣಾ ಸಂಶೋಧನೆಗೆಂದು ಕಟ್ಟಿದ ‘ಅನ್ವೇಷಾ’ ಉಪಗ್ರಹ ಹೋಯಿತು. ಅದರ ಜೊತೆಗೆ ಹೊರಟಿದ್ದ ಇನ್ನೂ 15 ಸಣ್ಣ ಉಪಗ್ರಹಗಳೂ ಹೋದವು. ಅವುಗಳಲ್ಲಿ ಕಾಲೇಜು ವಿದ್ಯಾರ್ಥಿಗಳು ತಮ್ಮ ಕೈಯಾರೆ ಕಟ್ಟಿದವೂ ಇದ್ದವು. ಅದಕ್ಕೆ ಎಂಟು ತಿಂಗಳ ಹಿಂದೆ, 2025ರ ಮೇ 18ರ ನಸುಕಿನಲ್ಲಿ, ಇದೇ ರಾಕೆಟ್ಟಿನ ಸಿ61 ಹಾರಾಟ ಸೋತದ್ದೂ ಇದೇ ಮೂರನೆಯ ಹಂತದಲ್ಲಿ. ಆಗ ಕಳೆದುಕೊಂಡದ್ದು ಇಒಎಸ್–09. ಮೋಡ ಮುಸುಕಿದ ರಾತ್ರಿಯಲ್ಲೂ ನೆಲವನ್ನು ನೋಡಬಲ್ಲ ರಾಡಾರ್ ಉಪಗ್ರಹ. 1993ರಿಂದ ಹಾರುತ್ತಿರುವ ಪಿಎಸ್‌ಎಲ್‌ವಿ ಒಂದರ ಬೆನ್ನಿಗೆ ಇನ್ನೊಂದು ಸೋಲು ಕಂಡದ್ದು ಇದೇ ಮೊದಲು.

ಸಿ61 ಸೋತ ಮೇಲೆ ವೈಫಲ್ಯ ವಿಶ್ಲೇಷಣಾ ಸಮಿತಿ ಕೂತಿತು. ವರದಿ ಬರೆಯಿತು. ಅದು ಪ್ರಧಾನಿ ಕಚೇರಿಗೆ ಹೋಯಿತೆಂದು ಪತ್ರಿಕೆಗಳಲ್ಲಿ ಬಂತು. ಆದರೆ ಸಿ62 ಉಡಾವಣಾ ಕಟ್ಟೆಗೆ ಬಂದು ನಿಂತಾಗಲೂ ಆ ವರದಿ ಪ್ರಕಟವಾಗಿರಲಿಲ್ಲ. ಮೂರನೆಯ ಹಂತದ ದಹನಕೋಶದಲ್ಲಿ ಒತ್ತಡ ಕುಸಿಯಿತು ಎಂಬ ಒಂದು ಸಾಲು ಮಾತ್ರ ನಮಗೆ ಗೊತ್ತಿತ್ತು. ಯಾಕೆ ಕುಸಿಯಿತು? ಯಾವ ಭಾಗ ಕೈಕೊಟ್ಟಿತು? ಯಾವ ಪರೀಕ್ಷೆ ಅದನ್ನು ನೆಲದ ಮೇಲೇ ಹಿಡಿಯಬೇಕಿತ್ತು, ಹಿಡಿಯಲಿಲ್ಲ? ಏನನ್ನು ಬದಲಿಸಿ ‘ಇನ್ನು ಹಾರಬಹುದು’ ಎಂದರು? ಆ ರಾಕೆಟ್ಟಿನ ತುದಿಯಲ್ಲಿ ತಮ್ಮ ಉಪಗ್ರಹವನ್ನು ನಂಬಿಕೆಯಿಂದ ಇಟ್ಟ ವಿದ್ಯಾರ್ಥಿಗಳಿಗೆ ಇದನ್ನು ಯಾರಾದರೂ ಹೇಳಿದ್ದರೇ?

ಇಸ್ರೋ ಈಗಲೂ ಮೊದಲಿನಷ್ಟೇ ಚೆನ್ನಾಗಿ ಕೆಲಸ ಮಾಡುತ್ತಿದೆಯೇ ಎಂಬ ಜಗಳ ಈಗ ಊರಲ್ಲೆಲ್ಲ ನಡೆಯುತ್ತಿದೆ. ಪೀಣ್ಯದ ಚಹಾದ ಅಂಗಡಿಯಲ್ಲೂ ನಡೆಯುತ್ತಿದೆ, ನ್ಯೂ ಬಿಇಎಲ್ ರಸ್ತೆಯ ಅಂತರಿಕ್ಷ ಭವನದ ಎದುರು ಬಸ್ಸಿಗೆ ಕಾಯುವವರ ನಡುವೆಯೂ ನಡೆಯುತ್ತಿದೆ. ಒಂದು ಕಡೆಯವರು, ಇಸ್ರೋವನ್ನು ಪ್ರಶ್ನಿಸುವುದೇ ದೇಶಕ್ಕೆ ಬಗೆಯುವ ದ್ರೋಹ ಎನ್ನುತ್ತಾರೆ. ಇನ್ನೊಂದು ಕಡೆಯವರು, ಅಮೆರಿಕದ ಖಾಸಗಿ ಕಂಪನಿಯೊಂದು ವಾರಕ್ಕೆ ಎರಡು ಮೂರು ರಾಕೆಟ್ ಹಾರಿಸುವ ಕಾಲದಲ್ಲಿ ಸರ್ಕಾರಿ ಸಂಸ್ಥೆಯ ಕಾಲ ಮುಗಿಯಿತು ಎನ್ನುತ್ತಾರೆ. ಇಬ್ಬರೂ ಒಂದೇ ತಪ್ಪು ಮಾಡುತ್ತಿದ್ದಾರೆ. ಲೆಕ್ಕದ ಪುಸ್ತಕ ತೆರೆದು ನೋಡದೆಯೇ ತೀರ್ಪು ಕೊಡುತ್ತಿದ್ದಾರೆ.

ನಾನು ಇಸ್ರೋವನ್ನು ಪ್ರೀತಿಸುವವನು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದೆಲ್ಲ ಆ ಪ್ರೀತಿಯಿಂದಲೇ ಬರುತ್ತದೆ.

ಲೆಕ್ಕದ ಪುಸ್ತಕದಲ್ಲಿ ಜಮೆಯ ಕಡೆ ಏನೇನಿದೆ ಎಂದು ಮೊದಲು ನೋಡೋಣ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ–3 ಚಂದ್ರನ ದಕ್ಷಿಣ ಧ್ರುವದ ಸಮೀಪ ಮೆತ್ತಗೆ ಇಳಿಯಿತು. ಅದಕ್ಕೆ ಆದ ವೆಚ್ಚ ಸುಮಾರು 615 ಕೋಟಿ ರೂಪಾಯಿ. ಇಳಿದ ಮೇಲೆ ಅದು ಸುಮ್ಮನೆ ಕೂರಲಿಲ್ಲ. ಅಲ್ಲಿನ ಮಣ್ಣಿನಲ್ಲಿ ಗಂಧಕ ಇರುವುದನ್ನು ನೆಲದ ಮೇಲೇ ನಿಂತು ಖಚಿತಪಡಿಸಿತು, ಮೇಲ್ಮಣ್ಣಿನೊಳಕ್ಕೆ ಉಷ್ಣಮಾಪಕವನ್ನು ಇಳಿಸಿ ಬಿಸಿಯನ್ನು ಅಳೆಯಿತು. ಆದಿತ್ಯ–ಎಲ್1 ಸೂರ್ಯನನ್ನು ನೋಡುತ್ತ ನಿಂತಿದೆ. 2025ರ ಜನವರಿ 16ರಂದು ಎರಡು ಪುಟ್ಟ ನೌಕೆಗಳನ್ನು ಬಾಹ್ಯಾಕಾಶದಲ್ಲಿ ಒಂದಕ್ಕೊಂದು ಜೋಡಿಸಿದ್ದಾಯಿತು; ಅದನ್ನು ಮಾಡಬಲ್ಲ ದೇಶಗಳು ಬೆರಳೆಣಿಕೆಯಷ್ಟು. ಅದೇ ವರ್ಷ ಜುಲೈನಲ್ಲಿ ನಾಸಾ ಜೊತೆಗೂಡಿ ಕಟ್ಟಿದ ನೈಸಾರ್ ಉಪಗ್ರಹವನ್ನು ಜಿಎಸ್‌ಎಲ್‌ವಿ ಯಾವ ಎಡವಟ್ಟೂ ಇಲ್ಲದೆ ಕಕ್ಷೆಗೆ ತಲುಪಿಸಿತು. ನಮ್ಮ ಅತಿ ಭಾರದ ರಾಕೆಟ್ ಎಲ್‌ವಿಎಂ–3, 2017ರಿಂದ 2025ರ ಡಿಸೆಂಬರ್‌ವರೆಗಿನ ಒಂದು ಕಕ್ಷಾ ಉಡಾವಣೆಯಲ್ಲೂ ಸೋತಿಲ್ಲ. ಬಾಹ್ಯಾಕಾಶ ಇಲಾಖೆಗೆ ವರ್ಷಕ್ಕೆ ಸಿಗುವುದು ಸುಮಾರು 13,000 ಕೋಟಿ ರೂಪಾಯಿ. ಇಷ್ಟರಲ್ಲಿ ಇಷ್ಟು ಮಾಡಿದವರನ್ನು ಮುಗಿದುಹೋದವರು ಎಂದು ಕರೆಯುವುದು ಅನ್ಯಾಯ.

ಈಗ ಖರ್ಚಿನ ಪುಟ. ಅದನ್ನು ಓದಲು ಎದೆ ಗಟ್ಟಿ ಬೇಕು.

ನಮ್ಮದೇ ಜಿಪಿಎಸ್ ಎಂದು ನಾವು ಎದೆಯುಬ್ಬಿಸಿ ಹೇಳಿಕೊಂಡ ನಾವಿಕ್ ವ್ಯವಸ್ಥೆಯನ್ನು ತೆಗೆದುಕೊಳ್ಳಿ. ಏಳು ಉಪಗ್ರಹಗಳ ಜಾಲ ಅದು. 2013ರಿಂದ ಅದಕ್ಕಾಗಿ ಹನ್ನೊಂದು ಉಪಗ್ರಹಗಳನ್ನು ಹಾರಿಸಿದೆವು. ಒಂದಾದ ಮೇಲೊಂದರಂತೆ ಅವುಗಳೊಳಗಿನ ಪರಮಾಣು ಗಡಿಯಾರಗಳು ಕೆಟ್ಟವು. 2017ರಲ್ಲಿ ಬದಲಿಯಾಗಿ ಕಳಿಸಿದ ಒಂದು ಉಪಗ್ರಹ, ರಾಕೆಟ್ಟಿನ ಶಾಖಕವಚ ತೆರೆದುಕೊಳ್ಳದೆ ಅದರೊಳಗೇ ಸಿಕ್ಕಿಬಿತ್ತು. 2025ರ ಜನವರಿ 29ರಂದು, ಶ್ರೀಹರಿಕೋಟಾದ ನೂರನೆಯ ಉಡಾವಣೆಯ ಸಂಭ್ರಮದಲ್ಲಿ ಹೊರಟ ಎನ್‌ವಿಎಸ್–02ರ ಎಂಜಿನ್ನಿಗೆ ಆಕ್ಸಿಡೈಸರ್ ಹರಿಸುವ ಕವಾಟ ತೆರೆಯಲೇ ಇಲ್ಲ. ಅದು ಹೋಗಬೇಕಾದ ಕಕ್ಷೆಗೆ ಹೋಗಲಿಲ್ಲ. ಅದೇ ವರ್ಷದ ಜುಲೈನಲ್ಲಿ ಸಂಸತ್ತಿಗೆ ಸರ್ಕಾರವೇ ಕೊಟ್ಟ ಉತ್ತರದಂತೆ, ಹನ್ನೊಂದರಲ್ಲಿ ನಾಲ್ಕು ಮಾತ್ರ ಸ್ಥಾನ ನಿರ್ದೇಶನದ ಸೇವೆ ಕೊಡುತ್ತಿದ್ದವು. ಹನ್ನೆರಡು ವರ್ಷ, ಹನ್ನೊಂದು ಉಪಗ್ರಹ, ಕೊನೆಗೆ ನಾಲ್ಕು. ಇದನ್ನು ಓದಿಯೂ ‘ಎಲ್ಲ ಚೆನ್ನಾಗಿದೆ’ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಉಡಾವಣೆಯ ವೇಗವೂ ಹಾಗೆಯೇ. 2024ರಲ್ಲಿ ಇಸ್ರೋ ಐದು ರಾಕೆಟ್ ಹಾರಿಸಿತು, 2025ರಲ್ಲಿ ಮತ್ತೆ ಐದು. 2024ರಲ್ಲಿ ಚೀನಾ 68 ಹಾರಿಸಿತು. ಸ್ಪೇಸ್‌ಎಕ್ಸ್ ಒಂದೇ ಕಂಪನಿ 130ಕ್ಕೂ ಹೆಚ್ಚು ಹಾರಿಸಿತು. ಈ ಸಂಖ್ಯೆಗಳನ್ನು ಇಸ್ರೋವನ್ನು ಹಂಗಿಸಲು ನಾನು ಬಳಸುವುದಿಲ್ಲ; ದುಡ್ಡು ಬೇರೆ, ಉದ್ಯಮದ ಹರವು ಬೇರೆ. ಆದರೆ ನಮ್ಮ ಬೆಂಗಳೂರಿನ ಹುಡುಗರು ಕಟ್ಟಿದ ಪಿಕ್ಸೆಲ್ ಕಂಪನಿಯ ಉಪಗ್ರಹಗಳು 2025ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದಿಂದ ಫಾಲ್ಕನ್ ರಾಕೆಟ್ಟಿನಲ್ಲಿ ಏರಿದವು. ನಮ್ಮದೇ ಸಂವಹನ ಉಪಗ್ರಹ ಜಿಸ್ಯಾಟ್–ಎನ್2 ಕೂಡ 2024ರ ನವೆಂಬರ್‌ನಲ್ಲಿ ಅಮೆರಿಕದ ನೆಲದಿಂದಲೇ ಹೋಯಿತು, ಅಷ್ಟು ಭಾರವನ್ನು ಆ ಎತ್ತರದ ಕಕ್ಷೆಗೆ ಎತ್ತುವ ರಾಕೆಟ್ ನಮ್ಮಲ್ಲಿ ಇರಲಿಲ್ಲವೆಂದು. ಸಣ್ಣ ಉಪಗ್ರಹಗಳ ಪಾಲಿಗೆ ಪಿಎಸ್‌ಎಲ್‌ವಿ ನಂಬಿಕೆಯ ರಾಕೆಟ್ ಆಗಿತ್ತು. 2017ರ ಫೆಬ್ರವರಿಯಲ್ಲಿ ಒಂದೇ ಏರಿಕೆಯಲ್ಲಿ 104 ಉಪಗ್ರಹಗಳನ್ನು ಹೊತ್ತೊಯ್ದ ರಾಕೆಟ್ ಅದು. ಆ ನಂಬಿಕೆಗೇ ಈಗ ಎರಡು ಬಾರಿ ಪೆಟ್ಟು ಬಿದ್ದಿದೆ.

ಹಾಗಾದರೆ ತೀರ್ಪು ಏನು? ರಾಕೆಟ್ ಬೀಳುವುದನ್ನು ನಾನು ಅಪರಾಧವೆಂದು ಎಣಿಸುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ವೇಗ ಗಳಿಸಬೇಕಾದ ಯಂತ್ರ ಅದು. ಅದರಲ್ಲೂ ಪಿಎಸ್‌ಎಲ್‌ವಿಯ ಮೂರನೆಯ ಹಂತದಂಥ ಘನ ಇಂಧನದ ಹಂತವನ್ನು ಒಮ್ಮೆ ಹೊತ್ತಿಸಿದರೆ ನಡುವೆ ನಂದಿಸಿ ಸರಿಪಡಿಸುವ ಹಾಗಿಲ್ಲ. ಜಗತ್ತಿನ ಯಾವ ರಾಕೆಟ್ಟೂ ಬೀಳದೆ ಬೆಳೆದಿಲ್ಲ. ನನ್ನ ಆರೋಪ ಒಂದೇ: ಬಿದ್ದ ಮೇಲೆ ಬಾಯಿ ಮುಚ್ಚಿಕೊಂಡದ್ದು. ಸಂಸ್ಥೆಯೊಂದು ಚೆನ್ನಾಗಿ ನಡೆಯುತ್ತಿದೆಯೇ ಎಂದು ತಿಳಿಯಲು ಅದು ಗೆದ್ದ ದಿನದ ನೇರಪ್ರಸಾರವನ್ನು ನೋಡಿದರೆ ಸಾಲದು, ಸೋತ ದಿನದ ನಂತರ ಅದು ಏನು ಹೇಳುತ್ತದೆ ಎಂದು ನೋಡಬೇಕು. ಆ ಪರೀಕ್ಷೆಯಲ್ಲಿ ಇಸ್ರೋ ಇಂದು ತನ್ನ ಹಿರಿಯರಿಗಿಂತ ಕೆಳಗೆ ನಿಂತಿದೆ. ಇದನ್ನು ಬರೆಯಲು ನೋವಾಗುತ್ತದೆ, ಆದರೂ ಬರೆಯಲೇಬೇಕು.

ಹಿರಿಯರು ಏನು ಮಾಡಿದ್ದರು? 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ–3 ರಾಕೆಟ್ ಬಂಗಾಳ ಕೊಲ್ಲಿಗೆ ಬಿದ್ದಾಗ ಆಗಿನ ಇಸ್ರೋ ಅಧ್ಯಕ್ಷ ಸತೀಶ್ ಧವನ್ ಪತ್ರಕರ್ತರ ಮುಂದೆ ತಾವೇ ಹೋಗಿ ಕೂತು ಹೊಣೆ ಹೊತ್ತರು, ಮರುವರ್ಷ ಗೆದ್ದಾಗ ಅಬ್ದುಲ್ ಕಲಾಂ ಅವರನ್ನು ಮುಂದೆ ಕಳಿಸಿದರು ಎಂಬ ಕತೆ ನಮ್ಮ ಶಾಲಾ ಮಕ್ಕಳಿಗೂ ಬಾಯಿಪಾಠ. ಆದರೆ ಆ ಕತೆಯನ್ನು ನಾವು ಅರ್ಧಕ್ಕೇ ನಿಲ್ಲಿಸುತ್ತೇವೆ. ಹೊಣೆ ಹೊತ್ತ ಮೇಲೆ ಕಾರಣ ಹುಡುಕಿದರು. ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯ ಒಂದು ಕವಾಟ ಕೊಳೆಯಿಂದಾಗಿ ಸರಿಯಾಗಿ ಮುಚ್ಚಿಕೊಳ್ಳದೆ ಆಮ್ಲ ಸೋರಿಹೋಗಿತ್ತು. ಇದನ್ನು ಕಲಾಂ ತಮ್ಮ ಆತ್ಮಕಥೆಯಲ್ಲೇ ಬರೆದಿದ್ದಾರೆ. ಯಾವ ಹಳ್ಳಿಯ ಗ್ರಂಥಾಲಯದಲ್ಲಿ ಕೂತ ಹುಡುಗಿಯೂ ಅದನ್ನು ಓದಿ ತಿಳಿಯಬಹುದು. 1979ರ ಸೋಲಿನ ಕಾರಣ ಹಳ್ಳಿಯ ಹುಡುಗಿಗೂ ಗೊತ್ತು. 2025ರ ಸೋಲಿನ ಕಾರಣವನ್ನು ದೇಶಕ್ಕೆ ಹೇಳದೆಯೇ 2026ರ ರಾಕೆಟ್ ಏರಿಸಿದರು.

ಇಂದಿನ ಸಂಕಟಕ್ಕೆ ಇನ್ನೂ ಹತ್ತಿರದ ಉದಾಹರಣೆ ಇದೆ. ಅದನ್ನು ಕನ್ನಡಿಗರಾದ ನಾವೇ ಮರೆತಿದ್ದೇವೆ. 1984ರಿಂದ 1994ರವರೆಗೆ ಇಸ್ರೋ ಅಧ್ಯಕ್ಷರಾಗಿದ್ದವರು ಉಡುಪಿ ಜಿಲ್ಲೆಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್; ಪೀಣ್ಯದ ಶೀಟು ಹೊದಿಸಿದ ಶೆಡ್ಡುಗಳಲ್ಲಿ ಆರ್ಯಭಟ ಉಪಗ್ರಹವನ್ನು ಕಟ್ಟಿಸಿದವರು. ಅವರ ಕಾಲದಲ್ಲೇ ಎಎಸ್‌ಎಲ್‌ವಿ ಎರಡು ಬಾರಿ ಬಿತ್ತು. 1987ರ ಮಾರ್ಚ್ 24ರಂದು ಪಕ್ಕದ ಮೋಟಾರುಗಳು ಉರಿದು ಮುಗಿದ ಮೇಲೆ ಮೊದಲ ಹಂತ ಹೊತ್ತಿಕೊಳ್ಳಲೇ ಇಲ್ಲ. 1988ರ ಜುಲೈ 13ರಂದು ಮೊದಲ ಹಂತ ಹೊತ್ತಿಕೊಂಡಿತು, ಆದರೆ ಆ ಕ್ಷಣದಲ್ಲಿ ರಾಕೆಟ್ ನಿಯಂತ್ರಣ ಕಳೆದುಕೊಂಡು ಮುರಿಯಿತು. ಒಂದರ ಬೆನ್ನಿಗೆ ಒಂದು ಸೋಲು, ಇಂದಿನ ಹಾಗೆಯೇ. ಸಂಸತ್ತಿನಲ್ಲಿ, ಪತ್ರಿಕೆಗಳಲ್ಲಿ ಇಸ್ರೋ ಮೇಲೆ ಮುಗಿಬಿದ್ದರು. ಆಗ ರಾವ್ ಬಾಗಿಲು ಹಾಕಿಕೊಳ್ಳಲಿಲ್ಲ. ಒಳಗಿನ ಸಮಿತಿಯ ಜೊತೆಗೆ ಹೊರಗಿನ ತಜ್ಞರ ಪರಿಶೀಲನಾ ಮಂಡಳಿಯೂ ಕೂತಿತು. ಅದರ ಮುಂದಾಳು ರೊದ್ದಂ ನರಸಿಂಹ, ಬೆಂಗಳೂರಿನವರೇ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಕಲಿಸಿ ಬೆಳೆದವರು, ಇಸ್ರೋದ ಸಂಬಳ ಪಡೆಯದವರು. ‘ನಾನು ಕಟ್ಟಿದ್ದರಲ್ಲಿ ಏನು ತಪ್ಪಿದೆ, ನೀವು ನೋಡಿ ಹೇಳಿ’ ಎಂದು ಹೊರಗಿನವನ ಮುಂದೆ ತನ್ನ ಲೆಕ್ಕಾಚಾರವನ್ನೆಲ್ಲ ಬಿಚ್ಚಿಡುವುದು ಯಾವ ಎಂಜಿನಿಯರಿಗೂ ಸುಲಭವಲ್ಲ. ಬಿಚ್ಚಿಟ್ಟರು. ಅವಸರ ಮಾಡಲಿಲ್ಲ. ಮೂರನೆಯ ಎಎಸ್‌ಎಲ್‌ವಿ ಏರಿದ್ದು 1992ರ ಮೇ 20ರಂದು, ಎರಡನೆಯದು ಬಿದ್ದು ನಾಲ್ಕು ವರ್ಷ ತುಂಬುತ್ತ ಬಂದಾಗ. ಅಲ್ಲಿ ಕಲಿತದ್ದೇ ಪಿಎಸ್‌ಎಲ್‌ವಿಗೆ ಬಲವಾಯಿತು. ನಾವು ಇಂದು ಕಳೆದುಕೊಳ್ಳುತ್ತಿರುವ ನಂಬಿಕೆಯನ್ನು ಅಂದು ಆ ಬಿಚ್ಚುಮನಸ್ಸೇ ಗಳಿಸಿಕೊಟ್ಟಿತ್ತು.

ಆ ಪರಂಪರೆ ಬಹುಕಾಲ ಉಳಿದಿತ್ತು. 2006ರ ಜುಲೈ 10ರಂದು ಜಿಎಸ್‌ಎಲ್‌ವಿ ಬಿದ್ದಾಗ, ನಾಲ್ಕು ಪಕ್ಕದ ಎಂಜಿನ್ನುಗಳಲ್ಲಿ ಒಂದರ ಇಂಧನ ನಿಯಂತ್ರಕವನ್ನು ತಯಾರಿಸುವಾಗಲೇ ತಪ್ಪಾಗಿತ್ತು, ತಪಾಸಣೆಯಲ್ಲಿ ಅದು ಕಣ್ತಪ್ಪಿ ಹೋಯಿತು ಎಂದು ಇಸ್ರೋ ಅದೇ ವರ್ಷ ದೇಶಕ್ಕೆ ಹೇಳಿತು. ದೂರ ಯಾಕೆ ಹೋಗಬೇಕು? 2022ರ ಆಗಸ್ಟ್‌ನಲ್ಲಿ ಎಸ್‌ಎಸ್‌ಎಲ್‌ವಿಯ ಮೊದಲ ಹಾರಾಟ ಸೋತಾಗ, ಎರಡನೆಯ ಹಂತ ಬೇರ್ಪಡುವ ಕ್ಷಣದ ಕಂಪನಕ್ಕೆ ಸಂವೇದಕಗಳ ಅಳತೆ ಹೇಗೆ ಮಿತಿ ಮೀರಿತು, ಕಂಪ್ಯೂಟರ್ ಅದನ್ನು ಹೇಗೆ ತಪ್ಪಾಗಿ ಅರ್ಥಮಾಡಿಕೊಂಡಿತು, ಏನೇನು ಬದಲಿಸಿದೆವು ಎಂದು ವಿವರವಾಗಿ ಬರೆದು ಪ್ರಕಟಿಸಿದರು. ಆಮೇಲೆ ಎರಡನೆಯದನ್ನು ಹಾರಿಸಿದರು, ಗೆದ್ದರು. ಕಾರಣ ಹೇಳಿದ್ದರಿಂದ ಇಸ್ರೋದ ಮಾನ ಹೋಯಿತೇ? ಒಬ್ಬರಾದರೂ ನಕ್ಕರೇ?

ಇನ್ನೊಂದು ಹಾದಿಯೂ ಇತ್ತು, ಅದನ್ನೂ ನಾವು ತುಳಿದಿದ್ದೇವೆ. 2019ರ ಸೆಪ್ಟೆಂಬರ್‌ನಲ್ಲಿ ಚಂದ್ರಯಾನ–2ರ ಇಳಿಯುವ ನೌಕೆ ವಿಕ್ರಮ್ ಚಂದ್ರನಿಗೆ ಅಪ್ಪಳಿಸಿತು. ಯೋಜನೆ 98 ಪ್ರತಿಶತ ಯಶಸ್ವಿ ಎಂಬ ಹೇಳಿಕೆ ಬಂತು. ಒಡೆದ ನೌಕೆಯ ಚೂರುಗಳು ಎಲ್ಲಿವೆ ಎಂದು ಚಿತ್ರಸಹಿತ ಜಗತ್ತಿಗೆ ತೋರಿಸಿದ್ದು ನಾಸಾ, ಅದನ್ನು ಮೊದಲು ಗುರುತಿಸಿದ್ದು ತನ್ನ ಬಿಡುವಿನ ವೇಳೆಯಲ್ಲಿ ಚಿತ್ರಗಳನ್ನು ಜಾಲಾಡಿದ ಚೆನ್ನೈನ ಒಬ್ಬ ಎಂಜಿನಿಯರ್. ಕಾರಣಗಳನ್ನು ಜನರಿಗೆ ಬಿಡಿಸಿ ಹೇಳಿದ್ದು 2023ರಲ್ಲಿ, ಆಗಿನ ಅಧ್ಯಕ್ಷ ಸೋಮನಾಥ್. ಎಂಜಿನ್ನುಗಳು ಬೇಕಾದ್ದಕ್ಕಿಂತ ಹೆಚ್ಚು ನೂಕಿದವು, ತಪ್ಪುಗಳು ಕೂಡುತ್ತ ಹೋದವು, ನೌಕೆ ಬೇಗ ಹೊರಳಲಾರದಾಯಿತು, ಇಳಿಯಲು ಗುರುತಿಸಿದ ಜಾಗ 500 ಮೀಟರ್ ಉದ್ದಗಲದ್ದು, ತೀರ ಕಿರಿದು. ಚಂದ್ರಯಾನ–3ನ್ನು ಸೋಲು ಎಲ್ಲಿ ಬರಬಹುದು ಎಂಬುದನ್ನೇ ಮೊದಲು ಎಣಿಸಿ ಕಟ್ಟಿದ್ದೇವೆ ಎಂದರು. ಅಷ್ಟು ಸರಳವಾಗಿ, ಅಷ್ಟು ಘನತೆಯಿಂದ ಹೇಳಿದ ಆ ಮಾತನ್ನು ಕೇಳಿ ದೇಶ ಇಸ್ರೋವನ್ನು ಇನ್ನಷ್ಟು ಮೆಚ್ಚಿತು. ಅದೇ ಮಾತನ್ನು 2019ರಲ್ಲೇ ಹೇಳಬಹುದಿತ್ತು. ನಾಲ್ಕು ವರ್ಷ ನಮ್ಮನ್ನು ಚಿಕ್ಕ ಮಕ್ಕಳ ಹಾಗೆ ನಡೆಸಿಕೊಂಡರು, ನಾವೂ ಚಪ್ಪಾಳೆ ತಟ್ಟಿ ಸುಮ್ಮನಾದೆವು.

ವರದಿ ಪ್ರಕಟಿಸುವುದು ಬರೀ ಮರ್ಯಾದೆಯ ಪ್ರಶ್ನೆಯಲ್ಲ, ಅದು ವಿದ್ಯೆಯ ಪ್ರಶ್ನೆ. 1996ರ ಜೂನ್ 4ರಂದು ಯುರೋಪಿನ ಏರಿಯಾನ್–5 ತನ್ನ ಮೊದಲ ಹಾರಾಟದಲ್ಲೇ ಸ್ಫೋಟಿಸಿತು. ತನಿಖಾ ಮಂಡಳಿಯ ವರದಿ ಅದೇ ಜುಲೈನಲ್ಲಿ ಹೊರಬಂತು. 64 ಬಿಟ್ಟಿನ ಸಂಖ್ಯೆಯೊಂದನ್ನು 16 ಬಿಟ್ಟಿಗೆ ಇಳಿಸುವಾಗ ಅದು ಹಿಡಿಸದೆ ಹೋದದ್ದು, ಹಳೆಯ ರಾಕೆಟ್ಟಿನ ತಂತ್ರಾಂಶವನ್ನು ಹೊಸದಕ್ಕೆ ಹಾಗೆಯೇ ತಂದು ಕೂರಿಸಿದ್ದು, ಎಲ್ಲವನ್ನೂ ಬರೆದರು. ಇಂದು ಜಗತ್ತಿನ ಎಂಜಿನಿಯರಿಂಗ್ ತರಗತಿಗಳಲ್ಲಿ ಆ ವರದಿ ಪಾಠ. ತುಮಕೂರಿನಲ್ಲೋ ಹುಬ್ಬಳ್ಳಿಯಲ್ಲೋ ಕಂಪ್ಯೂಟರ್ ವಿಜ್ಞಾನ ಓದುವ ಹುಡುಗನೊಬ್ಬ ಫ್ರೆಂಚ್ ಗಯಾನಾದಲ್ಲಿ ಬಿದ್ದ ರಾಕೆಟ್ ಯಾಕೆ ಬಿತ್ತೆಂದು ಓದಿ ತಿಳಿಯಬಲ್ಲ. ಶ್ರೀಹರಿಕೋಟಾ ಅವನಿಗೆ ಹತ್ತಿರ. ಅಲ್ಲಿಂದ ಏರಿ ಬಿದ್ದ ರಾಕೆಟ್ಟಿನ ಪಾಠವನ್ನು ಅವನಿಗೆ ಯಾರು ಹೇಳಿಕೊಡುತ್ತಾರೆ? ನೂರಾರು ಕೋಟಿ ಕೊಟ್ಟು ಕೊಂಡ ಪಾಠ ಅದು. ಅವನ ಅಪ್ಪ ಅಮ್ಮನ ತೆರಿಗೆಯೂ ಅದರಲ್ಲಿದೆ. ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವ ಹಕ್ಕು ಯಾರಿಗಿದೆ?

ಕಲ್ಪನಾ ಚಾವ್ಲಾ ಅವರ ಸಾವಿನ ಬಗ್ಗೆಯೂ ಇಲ್ಲಿ ಮಾತನಾಡಬೇಕು. 2003ರ ಫೆಬ್ರವರಿ 1ರಂದು ಕೊಲಂಬಿಯಾ ನೌಕೆ ಚೂರಾಗಿ ಏಳು ಜನ ಸತ್ತರು. ಕೆಲವೇ ದಿನಗಳಲ್ಲಿ ನಾವು ನಮ್ಮ ಹವಾಮಾನ ಉಪಗ್ರಹಕ್ಕೆ ಅವರ ಹೆಸರಿಟ್ಟು ಕಲ್ಪನಾ–1 ಎಂದು ಕರೆದೆವು. ಆ ಗೌರವ ಸರಿಯಾದುದೇ. ಆದರೆ ಅದೇ ವರ್ಷದ ಆಗಸ್ಟ್‌ನಲ್ಲಿ ತನಿಖಾ ಮಂಡಳಿಯ ವರದಿ ಬಂತಲ್ಲ, ಅದನ್ನು ನಾವು ಎಷ್ಟು ಜನ ಓದಿದೆವು? ಇಂಧನ ತೊಟ್ಟಿಯಿಂದ ಕಿತ್ತು ಬಂದ ನೊರೆಯ ತುಂಡು ರೆಕ್ಕೆಗೆ ಬಡಿದದ್ದು ಒಂದು ಕಾರಣ; ನಾಸಾದ ಒಳಗಿನ ಸಂಸ್ಕೃತಿಯೂ ಅದರಷ್ಟೇ ದೊಡ್ಡ ಕಾರಣ ಎಂದು ಆ ಮಂಡಳಿ ಮುಲಾಜಿಲ್ಲದೆ ಬರೆಯಿತು. ಕಿರಿಯ ಎಂಜಿನಿಯರುಗಳ ಆತಂಕ ಮೇಲಿನವರ ಕಿವಿಗೆ ಬೀಳದ ಹಾಗೆ ವ್ಯವಸ್ಥೆಯೇ ಕಟ್ಟಿಕೊಂಡಿತ್ತು ಎಂದಿತು. ನಾಸಾ ಆ ಮಾತನ್ನು ತನ್ನ ಬಗ್ಗೆ, ತನ್ನ ಜನರ ಮುಂದೆ, ಓದಿಸಿಕೊಂಡಿತು. ಕಲ್ಪನಾ ಅವರ ಹೆಸರನ್ನು ತಂದುಕೊಂಡ ನಾವು, ಅವರ ಸಾವಿನಿಂದ ಹುಟ್ಟಿದ ಆ ಪಾಠವನ್ನು ತಂದುಕೊಳ್ಳಲಿಲ್ಲ.

ಇದು ಈಗ ಇಷ್ಟು ತುರ್ತಾಗಲು ಕಾರಣ ಗಗನಯಾನ. 2018ರ ಸ್ವಾತಂತ್ರ್ಯ ದಿನದಂದು ಘೋಷಣೆಯಾಯಿತು, 2022ರೊಳಗೆ ಭಾರತೀಯರೊಬ್ಬರು ನಮ್ಮದೇ ರಾಕೆಟ್ಟಿನಲ್ಲಿ ಬಾಹ್ಯಾಕಾಶಕ್ಕೆ ಹೋಗುತ್ತಾರೆಂದು. ತಡವಾಯಿತು. ತಡವಾದುದಕ್ಕೆ ನನ್ನ ಆಕ್ಷೇಪ ಎಳ್ಳಷ್ಟೂ ಇಲ್ಲ. ಮನುಷ್ಯರನ್ನು ಕೂರಿಸುವ ಮುನ್ನ ಇನ್ನೂ ಹತ್ತು ಸಲ ಪರೀಕ್ಷಿಸಲಿ. ಗಗನಯಾನಕ್ಕೆ ಆಯ್ಕೆಯಾದ ಪ್ರಶಾಂತ್ ನಾಯರ್, ಅಜಿತ್ ಕೃಷ್ಣನ್, ಅಂಗದ್ ಪ್ರತಾಪ್, ಶುಭಾಂಶು ಶುಕ್ಲಾ ಈ ನಾಲ್ವರೂ ಬೆಂಗಳೂರಿನಲ್ಲೇ ತರಬೇತಿ ಪಡೆದವರು, ನಮ್ಮ ನಡುವೆ ಓಡಾಡಿದವರು. ಅವರನ್ನು ಹೊತ್ತೊಯ್ಯುವುದು ಎಲ್‌ವಿಎಂ–3, ಪಿಎಸ್‌ಎಲ್‌ವಿಯಲ್ಲ ಎಂದು ಸಮಾಧಾನ ಹೇಳುವವರಿದ್ದಾರೆ. ಹಂತಗಳು ಬೇರೆ, ಒಪ್ಪುತ್ತೇನೆ. ಆದರೆ ತಪಾಸಣೆ ಮಾಡುವ ಪದ್ಧತಿ, ಸಹಿ ಹಾಕುವ ಕೈಗಳು, ‘ಇಲ್ಲಿ ಏನೋ ಸರಿಯಿಲ್ಲ’ ಎನ್ನುವ ಕಿರಿಯನ ಮಾತಿಗೆ ಸಿಗುವ ಬೆಲೆ, ಇವು ಎರಡಕ್ಕೂ ಒಂದೇ. ಉಪಗ್ರಹ ಬಿದ್ದಾಗ ಕಾರಣ ಹೇಳುವ ರೂಢಿ ಇಲ್ಲದ ಸಂಸ್ಥೆಗೆ, ಮನುಷ್ಯರು ಹೋದ ದಿನ ಆ ರೂಢಿ ಎಲ್ಲಿಂದ ಬರುತ್ತದೆ?

ದೇಶದ ಭದ್ರತೆಯ ಮಾತು ತೆಗೆಯುತ್ತಾರೆ. ಅದನ್ನು ನಾನು ಹಗುರಾಗಿ ತಳ್ಳಿಹಾಕುವುದಿಲ್ಲ. ಘನ ಇಂಧನದ ಮೋಟಾರು ಕ್ಷಿಪಣಿಗೂ ಹತ್ತಿರದ ತಂತ್ರಜ್ಞಾನ. ಅನ್ವೇಷಾ ಏನನ್ನು ನೋಡಬಲ್ಲದಾಗಿತ್ತು ಎಂದು ಕೇಳುವ ಹಕ್ಕೂ ನನಗೆ ಬೇಡ. ಗುಟ್ಟಿನ ಅಂಕಿಗಳ ಮೇಲೆ ಕಪ್ಪು ಬಳಿಯಿರಿ. ಆದರೆ ಒಂದು ಭಾಗ ದುರ್ಬಲವಾಗಿತ್ತು, ಇಂಥ ತಪಾಸಣೆ ನಡೆಯಲಿಲ್ಲ, ಈಗ ಹೀಗೆ ಬದಲಿಸಿದ್ದೇವೆ ಎಂದು ಹೇಳಿದರೆ ಯಾವ ಶತ್ರುವಿಗೆ ಏನು ಸಿಗುತ್ತದೆ? 2006ರಲ್ಲಿ ಹೇಳಿದಾಗ ಯಾವ ಗಡಿ ಕುಸಿಯಿತು? ಅಹಮದಾಬಾದಿನಲ್ಲಿ 2025ರ ಜೂನ್ 12ರಂದು ವಿಮಾನ ಬಿದ್ದಾಗ, ಒಂದು ತಿಂಗಳಲ್ಲಿ ಪ್ರಾಥಮಿಕ ವರದಿ ಹೊರಬಂತು. ಆ ವರದಿಯ ಬಗ್ಗೆ ತಕರಾರುಗಳಿದ್ದವು, ಇರಲಿ. ತಕರಾರು ಮಾಡಲು ಕೈಯಲ್ಲಿ ಒಂದು ಕಾಗದವಾದರೂ ಇತ್ತು. ವಿಮಾನಕ್ಕೆ ಪ್ರತ್ಯೇಕ ತನಿಖಾ ಸಂಸ್ಥೆ ಇದೆ. ರಾಕೆಟ್ಟಿಗೆ ಕಟ್ಟಿದವರೇ ತನಿಖಾಧಿಕಾರಿಗಳು, ವರದಿ ಹೋಗುವುದು ಮೇಲಿನವರ ಮೇಜಿಗೆ, ಅಲ್ಲಿಗೆ ಮುಗಿಯಿತು. 2017ರಲ್ಲೇ ಕರಡು ಹೊರಬಂದ ಬಾಹ್ಯಾಕಾಶ ಚಟುವಟಿಕೆಗಳ ಮಸೂದೆ ಇನ್ನೂ ಕಾಯ್ದೆಯಾಗಿಲ್ಲ. ಖಾಸಗಿಯವರಿಗೆ ಬಾಗಿಲು ತೆರೆದಿದ್ದೇವೆ, ಪಿಎಸ್‌ಎಲ್‌ವಿ ಕಟ್ಟುವ ಕೆಲಸವನ್ನೇ ಎಚ್‌ಎಎಲ್ ಮತ್ತು ಎಲ್ ಆ್ಯಂಡ್ ಟಿ ಕೈಗೆ ಕೊಡುತ್ತಿದ್ದೇವೆ. ನಾಳೆ ಅವರು ಕಟ್ಟಿದ್ದು ಬಿದ್ದರೆ ಯಾರು ಯಾರನ್ನು ಕೇಳಬೇಕು? ಅದಕ್ಕೂ ಕಾನೂನಿನಲ್ಲಿ ಉತ್ತರ ಬೇಕು.

ಇಸ್ರೋದಿಂದ ನಿವೃತ್ತರಾಗಿ ಬೆಂಗಳೂರಿನಲ್ಲಿ, ಮೈಸೂರಿನಲ್ಲಿ, ಹಾಸನದಲ್ಲಿ ನೆಲೆಸಿರುವ ಹಿರಿಯರೇ, ಈ ಕರೆ ಮೊದಲು ನಿಮಗೆ. ಸಂಸ್ಥೆಯ ಹಳೆಯ ನಡೆ ಹೇಗಿತ್ತೆಂದು ನಿಮಗೆ ಗೊತ್ತು. ಪರಿಶೀಲನಾ ಸಭೆಗಳಲ್ಲಿ ಕಿರಿಯನೊಬ್ಬ ಎದ್ದು ನಿಂತು ನಿರ್ದೇಶಕರನ್ನೇ ಪ್ರಶ್ನಿಸಬಹುದಾಗಿದ್ದ ಕಾಲವನ್ನು ನೀವು ನೆನೆಸಿಕೊಳ್ಳುತ್ತೀರಿ. ಮನೆಯ ಜಗಲಿಯಲ್ಲಿ ಕೂತು ನೆನೆಸಿಕೊಂಡರೆ ಸಾಲದು. ಹೆಸರು ಹಾಕಿ ಬರೆಯಿರಿ. ನಿಮ್ಮ ಮಾತಿಗೆ ಇರುವ ತೂಕ ನನ್ನಂಥವನ ಮಾತಿಗಿಲ್ಲ.

ಪತ್ರಿಕೆ ಮತ್ತು ಟಿವಿಯ ಗೆಳೆಯರೇ, ಚಂದ್ರಯಾನ ಇಳಿದ ಸಂಜೆ ನೀವು ಕೊಟ್ಟ ಸಮಯದ ಹತ್ತನೆಯ ಒಂದು ಪಾಲನ್ನು ಈ ಎರಡು ಸೋಲುಗಳಿಗೆ ಕೊಡಿ. ಮೂರನೆಯ ಹಂತ ಎಂದರೇನು, ಒತ್ತಡ ಯಾಕೆ ಕುಸಿಯಬಹುದು ಎಂದು ಕನ್ನಡದಲ್ಲಿ ಬಿಡಿಸಿ ಹೇಳಬಲ್ಲವರು ನಮ್ಮಲ್ಲಿದ್ದಾರೆ. ಅವರನ್ನು ಕರೆಯಿರಿ. ಜನಕ್ಕೆ ಅರ್ಥವಾಗುವುದಿಲ್ಲ ಎನ್ನಬೇಡಿ. ಮಳೆಗಾಲದಲ್ಲಿ ಕೃಷ್ಣೆ, ಭೀಮೆ ಉಕ್ಕಿ ಹೊಲ ಮುಳುಗಿದವನಿಗೆ, ಮೋಡದ ಕೆಳಗಿನ ನೆರೆಯನ್ನು ಮೇಲಿನಿಂದ ಕಾಣಬಲ್ಲ ಉಪಗ್ರಹವೊಂದು ಕಡಲಿಗೆ ಬಿತ್ತು ಎಂದರೆ ಚೆನ್ನಾಗಿಯೇ ಅರ್ಥವಾಗುತ್ತದೆ.

ಇಸ್ರೋದ ಒಳಗೆ ಕೂತು ಇದನ್ನು ಓದುತ್ತಿರುವ ಕಿರಿಯ ಎಂಜಿನಿಯರೇ, ನಿಮ್ಮ ಮೇಲೆ ನನಗೆ ದೂರಿಲ್ಲ. ನೀವು ರಾತ್ರಿಗಟ್ಟಲೆ ಕೂತು ದತ್ತಾಂಶ ನೋಡಿದ್ದೀರಿ. ಕಾರಣ ನಿಮಗೆ ಗೊತ್ತಿರಬಹುದು, ಹೇಳಲು ಅಪ್ಪಣೆ ಇಲ್ಲದಿರಬಹುದು. ಸಹಿ ಹಾಕುವ ಮುನ್ನ ಮನಸ್ಸು ಒಪ್ಪದಿದ್ದರೆ, ಒಪ್ಪುತ್ತಿಲ್ಲ ಎಂದು ಕಡತದಲ್ಲಿ ಬರೆಯಿರಿ. ಕೊಲಂಬಿಯಾದ ವರದಿ ಬಂದಾಗ ಹಾಗೆ ಬರೆದಿಟ್ಟವರ ಸಾಲುಗಳೇ ಸಾಕ್ಷಿಯಾದವು.

ಉಳಿದ ನಾವು? ಕರ್ನಾಟಕಕ್ಕೆ ಲೋಕಸಭೆಯಲ್ಲಿ 28 ಸ್ಥಾನಗಳಿವೆ. ಇಸ್ರೋ ಪ್ರಧಾನ ಕಚೇರಿ, ಉಪಗ್ರಹ ಕೇಂದ್ರ, ಬ್ಯಾಲಾಳುವಿನ ದೊಡ್ಡ ಆಂಟೆನಾಗಳು, ಹಾಸನದ ನಿಯಂತ್ರಣ ಕೇಂದ್ರ, ಚಳ್ಳಕೆರೆಯ ಪರೀಕ್ಷಾ ಬಯಲು, ಎಲ್ಲ ನಮ್ಮ ನೆಲದಲ್ಲೇ ಇವೆ. ಬಾಹ್ಯಾಕಾಶ ಇಲಾಖೆ ನೇರವಾಗಿ ಪ್ರಧಾನಿಯವರ ಕೈಯಲ್ಲಿದೆ. ಅಲ್ಲಿಗೆ ಪ್ರಶ್ನೆ ಒಯ್ಯಬಲ್ಲವರು ಸಂಸದರೇ. ನಿಮ್ಮ ಕ್ಷೇತ್ರದ ಸಂಸದರಿಗೆ ಒಂದು ಕಾಗದ ಬರೆಯಿರಿ. ಪಕ್ಷ ಯಾವುದಾದರೂ ಆಗಲಿ. ಈ ಅಧಿವೇಶನದಲ್ಲಿ ನಾಲ್ಕು ಪ್ರಶ್ನೆ ಕೇಳಲು ಹೇಳಿ. ಸಿ61 ಮತ್ತು ಸಿ62ರ ವೈಫಲ್ಯ ವಿಶ್ಲೇಷಣಾ ವರದಿಗಳನ್ನು ಸದನದ ಮೇಜಿನ ಮೇಲೆ ಇಡುವುದು ಯಾವ ದಿನ? ಸಿ61ರ ವರದಿ ಸೂಚಿಸಿದ ತಿದ್ದುಪಡಿಗಳಲ್ಲಿ ಎಷ್ಟು ಸಿ62ರಲ್ಲಿ ಜಾರಿಯಾಗಿದ್ದವು? ಎಎಸ್‌ಎಲ್‌ವಿ ಕಾಲದಲ್ಲಿ ಮಾಡಿದಂತೆ ಇಸ್ರೋ ಹೊರಗಿನ ತಜ್ಞರ ಮಂಡಳಿಯನ್ನು ಕೂರಿಸುತ್ತೀರಾ, ಅದರ ಮುಂದಾಳು ಯಾರು? ಗಗನಯಾನದ ಸುರಕ್ಷತೆಯನ್ನು ಇಸ್ರೋ ಅಧ್ಯಕ್ಷರಿಗೆ ಅಧೀನವಲ್ಲದ ಯಾವ ಸಂಸ್ಥೆ ನೋಡುತ್ತದೆ? ಉತ್ತರ ಬರುವವರೆಗೆ, ಪ್ರತಿ ಅಧಿವೇಶನದಲ್ಲೂ ಇವೇ ನಾಲ್ಕು ಪ್ರಶ್ನೆಗಳನ್ನು ಮತ್ತೆ ಕೇಳಲು ಹೇಳಿ.